ಹಲ್ಲಿನ ಆರೈಕೆಯ ಸಲಹೆಯನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಹೇಗೆ? ಡೆಂಟಲ್ ಕ್ಲಿನಿಕ್‌ನಲ್ಲಿ ಕೆಲಸ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಹಲ್ಲು ಕಿತ್ತ ಮೇಲೆ ರೋಗಿಗೆ ಏನೇನು ಹೇಳಬೇಕು ಎನ್ನುವುದು ಡೆಂಟಲ್ ಕ್ಲಿನಿಕ್‌ನಲ್ಲಿ ಇರುವ ಎಲ್ಲರಿಗೂ ಬಾಯಿಪಾಠ. ಹತ್ತಿ ಗಟ್ಟಿಯಾಗಿ ಕಚ್ಚಿಕೊಳ್ಳಿ, ಉಗುಳಬೇಡಿ, ಇವತ್ತು ಬಿಸಿ ಬೇಡ, ಮೊಸರನ್ನ ತಿನ್ನಿ. ಕನ್ನಡದಲ್ಲಿ ಅರ್ಧ ನಿಮಿಷದ ಮಾತು. ಅದೇ ಮಾತನ್ನು ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಒಡಿಶಾದಿಂದ ಬಂದ ಎಂಜಿನಿಯರ್‌ಗೆ ಹೇಳಬೇಕಾದಾಗ "ನೋ ಸ್ಪಿಟ್, ನೋ ಹಾಟ್, ಕಮ್ ಆಫ್ಟರ್ ಒನ್ ವೀಕ್" ಎನ್ನುವಲ್ಲಿಗೆ ನಿಂತುಬಿಡುತ್ತದೆ. ವಿಷಯ ತಲುಪುತ್ತದೆ, ನಿಜ. ಆದರೆ ಯಾಕೆ ಉಗುಳಬಾರದು, ಎಷ್ಟು ಹೊತ್ತು ಉಗುಳಬಾರದು, ರಕ್ತ ನಿಲ್ಲದಿದ್ದರೆ ಏನು ಮಾಡಬೇಕು ಎನ್ನುವುದೆಲ್ಲ ಗಂಟಲಲ್ಲೇ ಉಳಿಯುತ್ತದೆ.

ಈ ಮಾರ್ಗದರ್ಶಿ ಡೆಂಟಲ್ ಅಸಿಸ್ಟೆಂಟ್‌ಗಳಿಗೆ, ಹೈಜಿನಿಸ್ಟ್‌ಗಳಿಗೆ, ಹೌಸ್ ಸರ್ಜನ್‌ಗಳಿಗೆ ಮತ್ತು ಹೊರದೇಶಕ್ಕೆ ಹೋಗುವ ತಯಾರಿಯಲ್ಲಿರುವ ದಂತವೈದ್ಯರಿಗೆ. ಇಂಗ್ಲಿಷ್ ಓದಲು, ಬರೆಯಲು ನಿಮಗೆ ಬರುತ್ತದೆ ಎಂದೇ ಇಟ್ಟುಕೊಂಡಿದ್ದೇನೆ. ಬಾಯಿಂದ ಬರಿಸುವುದಷ್ಟೇ ಇಲ್ಲಿನ ಕೆಲಸ. ಅದಕ್ಕೇ ವಾಕ್ಯಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಕಣ್ಣಲ್ಲಿ ಓದಿ ಮುಂದೆ ಹೋಗಬೇಡಿ, ಜೋರಾಗಿ ಹೇಳುತ್ತಾ ಓದಿ.

ಹೆಜ್ಜೆ 1: ರೋಗಿಯ ಬಾಯಲ್ಲಿ ಬರುವ ಮಾತು ಮೊದಲು

ಪಠ್ಯಪುಸ್ತಕದ ಪದಗಳು ನಿಮಗೆ ಗೊತ್ತು. ಮ್ಯಾಕ್ಸಿಲರಿ, ಮ್ಯಾಂಡಿಬ್ಯುಲರ್, ಜಿಂಜಿವೈಟಿಸ್. ಇವು ರೋಗಿಗೆ ಬೇಡ. ಅವರಿಗೆ ಬೇಕಾದದ್ದು "ಅಪ್ಪರ್ ಟೀತ್", "ಲೋವರ್ ಟೀತ್", "ಬ್ಲೀಡಿಂಗ್ ಗಮ್ಸ್". ದವಡೆ ಹಲ್ಲಿಗೆ "ಬ್ಯಾಕ್ ಟೀತ್" ಅಂದರೆ ಸಾಕು. ಮುಂದಿನ ಹಲ್ಲಿಗೆ "ಫ್ರಂಟ್ ಟೀತ್". ಹಾಲುಹಲ್ಲಿಗೆ "ಮಿಲ್ಕ್ ಟೀತ್" ಅಥವಾ "ಬೇಬಿ ಟೀತ್". ಹುಳುಕಿಗೆ "ಡೀಕೇ" ಅಥವಾ "ಕ್ಯಾವಿಟಿ". ಹಲ್ಲಿನ ಪಾಚಿ ಗಟ್ಟಿಯಾಗಿ ಕೂತಿದ್ದರೆ "ಟಾರ್ಟರ್", ಇನ್ನೂ ಮೆತ್ತಗೆ ಅಂಟಿಕೊಂಡಿದ್ದರೆ "ಪ್ಲ್ಯಾಕ್".

ಬೆಂಗಳೂರಿನಲ್ಲಿ ನಿಮ್ಮ ಮುಂದೆ ಕೂತವರಿಗೂ ಇಂಗ್ಲಿಷ್ ಮನೆಮಾತಲ್ಲ. ಅವರ ಮನೆಯಲ್ಲಿ ಬಂಗಾಳಿಯೋ ಒಡಿಯಾವೋ ನೇಪಾಳಿಯೋ ಇರುತ್ತದೆ. ಆದ್ದರಿಂದ ಸುಮ್ನೆ ದೊಡ್ಡ ಪದ ಹಾಕಿ ಪ್ರಯೋಜನವಿಲ್ಲ. ಸಣ್ಣ ವಾಕ್ಯ, ತಿಳಿದ ಪದ. "ಸೂಚರ್ಸ್" ಬದಲು "ಸ್ಟಿಚಸ್", "ಎಕ್ಸ್‌ಟ್ರಾಕ್ಷನ್" ಬದಲು "ಟೇಕಿಂಗ್ ದ ಟೂತ್ ಔಟ್", "ಅನೆಸ್ತೀಸಿಯಾ" ಬದಲು "ದ ನಮಿಂಗ್ ಇಂಜೆಕ್ಷನ್".

ನಾವು ಕನ್ನಡಿಗರು ಮತ್ತೆ ಮತ್ತೆ ಎಡವುವ ಕೆಲವು ಜಾಗಗಳಿವೆ. ಇವನ್ನು ಈಗಲೇ ತಿದ್ದಿಕೊಂಡುಬಿಡಿ.

"ಟೀತ್ ಈಸ್ ಪೇನಿಂಗ್" ಬೇಡ. ಒಂದೇ ಹಲ್ಲಾದರೆ "ಟೂತ್". ನೋವಿಗೆ "ಹರ್ಟ್" ಬಳಸಿ. ರೋಗಿಯನ್ನು ಕೇಳುವಾಗ "ವಿಚ್ ಟೂತ್ ಹರ್ಟ್ಸ್?", "ಡಸ್ ಇಟ್ ಹರ್ಟ್ ವೆನ್ ಯು ಬೈಟ್?"

ಬಾಯಿ ಮುಕ್ಕಳಿಸಿ ಎನ್ನಲು "ಗಾರ್ಗಲ್" ಅನ್ನುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಗಾರ್ಗಲ್ ಎಂದರೆ ತಲೆ ಹಿಂದಕ್ಕೆ ಬಾಗಿಸಿ ಗಂಟಲಲ್ಲಿ ಗಳಗಳ ಮಾಡುವುದು. ಬಾಯಿಗೆ "ರಿನ್ಸ್". ಹಲ್ಲು ಕಿತ್ತ ಗಾಯಕ್ಕೆ ಬೇಕಾದದ್ದು ಮೆಲ್ಲಗೆ ಮುಕ್ಕಳಿಸುವುದು, ಹಾಗಾಗಿ "ರಿನ್ಸ್ ಜೆಂಟ್ಲಿ".

ಆ ಕಡೆಯಿಂದ ತಿನ್ನಬೇಡಿ ಎನ್ನಲು "ಡೋಂಟ್ ಈಟ್ ದ್ಯಾಟ್ ಸೈಡ್" ಅನ್ನುತ್ತೇವೆ. "ಡೋಂಟ್ ಚೂ ಆನ್ ದ್ಯಾಟ್ ಸೈಡ್" ಸರಿ. ಆ "ಆನ್" ಬಿಡಬೇಡಿ.

"ಅಡ್ವೈಸಸ್" ಎಂಬ ಬಹುವಚನ ಇಂಗ್ಲಿಷ್‌ನಲ್ಲಿಲ್ಲ. ಎಷ್ಟು ಸಲಹೆ ಕೊಟ್ಟರೂ ಅದು "ಸಮ್ ಅಡ್ವೈಸ್".

ಉಚ್ಚಾರಣೆಯಲ್ಲಿ ಎರಡು ಪದ ಮಾತ್ರ ಹೇಳುತ್ತೇನೆ. ಮರಗಟ್ಟುವುದಕ್ಕೆ ಹೇಳುವ ಪದ "ನಮ್", ಕೊನೆಯ ಬ ಉಚ್ಚರಿಸುವುದಿಲ್ಲ. ಗಾಯದ ಮೇಲಿಡುವ ಬಟ್ಟೆಯ ಪದ "ಗಾಝ್", "ಗೇಜ್" ಅಲ್ಲ. ಉಳಿದ ಕಡೆ ನಿಮ್ಮ ಕನ್ನಡದ ಧಾಟಿ ಹಾಗೇ ಇರಲಿ, ಅದರಿಂದ ಯಾರಿಗೂ ತೊಂದರೆಯಿಲ್ಲ.

ಹೆಜ್ಜೆ 2: ಮಾತಿನ ಗಟ್ಟಿತನ ಅಳೆಯಿರಿ

ಈ ಇಡೀ ಮಾರ್ಗದರ್ಶಿಯಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದೊಂದೇ. ಕನ್ನಡದಲ್ಲಿ "ಬ್ರಷ್ ಮಾಡಿ" ಅಂದರೆ ಸಾಕು, ಆ "ಮಾಡಿ"ಯಲ್ಲೇ ಮರ್ಯಾದೆ ಇದೆ. "ಮಾಡು" ಎನ್ನಲಿಲ್ಲವಲ್ಲ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಸೌಲಭ್ಯವಿಲ್ಲ. "ಬ್ರಷ್ ಯುವರ್ ಟೀತ್" ಎಂದು ನಲವತ್ತು ವರ್ಷದವರಿಗೆ ಹೇಳಿದರೆ ಮಗುವಿಗೆ ಹೇಳಿದ ಹಾಗೆ ಕೇಳಿಸುತ್ತದೆ. ಪ್ರತಿ ವಾಕ್ಯಕ್ಕೂ "ಪ್ಲೀಸ್" ಅಂಟಿಸುವುದು ಅದಕ್ಕೆ ಮದ್ದಲ್ಲ. ಹತ್ತು ಪ್ಲೀಸ್ ಕೇಳಿದ ರೋಗಿಗೆ ಯಾವುದು ಮುಖ್ಯ, ಯಾವುದು ಅಲ್ಲ ಎಂದೇ ತಿಳಿಯುವುದಿಲ್ಲ.

ಹಾಗಾಗಿ ಬಾಯಿ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇವರು ಈ ಮಾತು ಕೇಳದಿದ್ದರೆ ಏನಾಗುತ್ತದೆ? ಇವತ್ತೇ ತೊಂದರೆಯಾಗುತ್ತದೆ ಎಂದಾದರೆ ಗಟ್ಟಿ ಮಾತು. ಮುಂದೆಂದೋ ತೊಂದರೆಯಾಗಬಹುದು ಎಂದಾದರೆ ನಡುವಿನದು. ಅಭ್ಯಾಸ ಬದಲಿಸಬೇಕು, ಅದೂ ಅವರ ಇಷ್ಟದ ಮೇಲೆ ಎಂದಾದರೆ ಮೆದು ಮಾತು.

ಗಟ್ಟಿ ಮಾತಿಗೆ "ಯು ಮಸ್ಟ್", "ಯು ಮಸ್ಟ್ ನಾಟ್", "ಇಟ್ಸ್ ವೆರಿ ಇಂಪಾರ್ಟೆಂಟ್ ದ್ಯಾಟ್ ಯು". ಉದಾಹರಣೆಗೆ, "ಯು ಮಸ್ಟ್ ನಾಟ್ ಸ್ಮೋಕ್ ಟುಡೇ." "ಇಟ್ಸ್ ವೆರಿ ಇಂಪಾರ್ಟೆಂಟ್ ದ್ಯಾಟ್ ಯು ಟೇಕ್ ದ ಫುಲ್ ಕೋರ್ಸ್ ಆಫ್ ಟ್ಯಾಬ್ಲೆಟ್ಸ್." ದಿನಕ್ಕೆ ಒಬ್ಬ ರೋಗಿಗೆ ಇಂಥ ಮಾತು ಎರಡಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ.

ನಡುವಿನ ಮಾತಿಗೆ "ಯು ಶುಡ್", "ಮೇಕ್ ಶೂರ್ ಯು", "ಐ ವುಡ್ ರೆಕಮೆಂಡ್". ನಿಮ್ಮ ಕೆಲಸದ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ. "ಯು ಶುಡ್ ಚೇಂಜ್ ಯುವರ್ ಬ್ರಷ್ ಎವರಿ ತ್ರೀ ಮಂತ್ಸ್." "ಮೇಕ್ ಶೂರ್ ಯು ಕ್ಲೀನ್ ಬಿಹೈಂಡ್ ದ ಲಾಸ್ಟ್ ಟೂತ್." "ಐ ವುಡ್ ರೆಕಮೆಂಡ್ ಯೂಸಿಂಗ್ ಎ ಸಾಫ್ಟ್ ಬ್ರಷ್." ಇಲ್ಲಿ "ರೆಕಮೆಂಡ್" ಆದ ಮೇಲೆ "ಯು ಟು ಯೂಸ್" ಎಂದು ಸೇರಿಸುವುದು ನಮ್ಮೆಲ್ಲರ ಚಾಳಿ. "ರೆಕಮೆಂಡ್ ಯೂಸಿಂಗ್" ಎಂದೇ ಬಾಯಿಗೆ ಕೂರಿಸಿಕೊಳ್ಳಿ. "ಸಜೆಸ್ಟ್" ಪದಕ್ಕೂ ಅದೇ ದಾರಿ: "ಐ ಸಜೆಸ್ಟ್ ಸ್ಟಾರ್ಟಿಂಗ್ ವಿತ್ ದ ಬ್ಯಾಕ್ ಟೀತ್."

ಮೆದು ಮಾತಿಗೆ "ಟ್ರೈ ಟು", "ಯು ಮೈಟ್ ವಾಂಟ್ ಟು", "ಇಟ್ ವುಡ್ ಬಿ ಎ ಗುಡ್ ಐಡಿಯಾ ಟು", "ಹ್ಯಾವ್ ಯು ಟ್ರೈಡ್". "ಟ್ರೈ ಟು ಕಟ್ ಡೌನ್ ಆನ್ ಸ್ವೀಟ್ಸ್ ಬಿಟ್ವೀನ್ ಮೀಲ್ಸ್." "ಯು ಮೈಟ್ ವಾಂಟ್ ಟು ಕೀಪ್ ಎ ಬ್ರಷ್ ಅಟ್ ದ ಆಫೀಸ್." "ಹ್ಯಾವ್ ಯು ಟ್ರೈಡ್ ಫ್ಲಾಸಿಂಗ್ ಅಟ್ ನೈಟ್?" ಕೊನೆಯದು ಪ್ರಶ್ನೆಯ ರೂಪದಲ್ಲಿರುವ ಸಲಹೆ. ಬೈಸಿಕೊಳ್ಳುತ್ತಿದ್ದೇನೆ ಎಂಬ ಭಾವನೆ ಬರುವುದಿಲ್ಲ, ರೋಗಿಯೂ ನಿಜ ಹೇಳುತ್ತಾರೆ.

ಎರಡು ಕಡೆ ಬಹಳ ಹುಷಾರಾಗಿರಬೇಕು.

ಒಂದು, "ಮಾಡಿದ್ರೆ ಒಳ್ಳೇದು" ಎನ್ನುವುದು ನಮ್ಮ ಮೆದುವಾದ ಸಲಹೆ. ಅದನ್ನು ಹಾಗೇ ಎತ್ತಿಕೊಂಡು "ಯು ಬೆಟರ್ ಡೂ ರೂಟ್ ಕೆನಾಲ್" ಎನ್ನುತ್ತೇವೆ. ಇಂಗ್ಲಿಷ್‌ನಲ್ಲಿ "ಯು ಹ್ಯಾಡ್ ಬೆಟರ್" ಎಂದರೆ ಮೆದು ಮಾತಲ್ಲ. ಮಾಡದಿದ್ದರೆ ನೋಡು ಏನಾಗುತ್ತದೆ ಎನ್ನುವ ಎಚ್ಚರಿಕೆ ಅದರೊಳಗಿದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ ಅದು ಗದರಿಸಿದಂತೆ ಕೇಳುತ್ತದೆ. ಬದಲಿಗೆ "ಇಟ್ ವುಡ್ ಬಿ ಬೆಟರ್ ಟು ಸೇವ್ ದ ಟೂತ್ ವಿತ್ ಎ ರೂಟ್ ಕೆನಾಲ್" ಎನ್ನಿ.

ಎರಡು, "ಮಸ್ಟ್ ನಾಟ್" ಮತ್ತು "ಡೋಂಟ್ ಹ್ಯಾವ್ ಟು". ಮೊದಲನೆಯದು ಮಾಡಬಾರದು. ಎರಡನೆಯದು ಮಾಡಬೇಕಾಗಿಲ್ಲ, ಮಾಡಿದರೂ ಪರವಾಗಿಲ್ಲ. ಹಲ್ಲು ಕಿತ್ತವರಿಗೆ "ಯು ಡೋಂಟ್ ಹ್ಯಾವ್ ಟು ರಿನ್ಸ್ ಟುಡೇ" ಎಂದಿರೋ, ಅವರು ಮನೆಗೆ ಹೋಗಿ ಆರಾಮಾಗಿ ಬಾಯಿ ಮುಕ್ಕಳಿಸುತ್ತಾರೆ. ರಕ್ತ ಮತ್ತೆ ಶುರುವಾಗುತ್ತದೆ. ತಪ್ಪು ಅವರದಲ್ಲ. "ಯು ಮಸ್ಟ್ ನಾಟ್ ರಿನ್ಸ್ ಟುಡೇ" ಎನ್ನಬೇಕಿತ್ತು.

ಹೆಜ್ಜೆ 3: ದಿನನಿತ್ಯದ ಆರೈಕೆ

ಇಲ್ಲಿ ಹೊಸದಾಗಿ ಕಲಿಯಲು ಹೆಚ್ಚೇನಿಲ್ಲ. ವಾಕ್ಯಗಳು ತಯಾರಿರಬೇಕು, ಅಷ್ಟೇ. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಎನ್ನಲು "ಬ್ರಷ್ ಟ್ವೈಸ್ ಎ ಡೇ, ಫಾರ್ ಟೂ ಮಿನಿಟ್ಸ್ ಈಚ್ ಟೈಮ್." ನಮ್ಮಲ್ಲಿ ಬೆಳಗ್ಗೆ ಎಲ್ಲರೂ ಉಜ್ಜುತ್ತಾರೆ, ರಾತ್ರಿಯದೇ ಸಮಸ್ಯೆ. "ಇಫ್ ಯು ಕ್ಯಾನ್ ಡೂ ಓನ್ಲಿ ಒನ್ ಥಿಂಗ್, ಬ್ರಷ್ ಬಿಫೋರ್ ಬೆಡ್" ಎಂದು ಒತ್ತಿ ಹೇಳಿ.

ಬ್ರಷ್ ಹಿಡಿಯುವ ರೀತಿಯನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾದರಿ ಹಲ್ಲಿನ ಮೇಲೆ ತೋರಿಸುತ್ತಾ ಹೇಳುವುದು ಸುಲಭ. "ಲೆಟ್ ಮಿ ಶೋ ಯು" ಎಂದು ಶುರು ಮಾಡಿ. "ಟಿಲ್ಟ್ ದ ಬ್ರಷ್ ಟುವರ್ಡ್ಸ್ ದ ಗಮ್ಸ್, ಲೈಕ್ ದಿಸ್." ಇದು ನಲವತ್ತೈದು ಡಿಗ್ರಿಯ ಮಾತು. ಡಿಗ್ರಿ ಲೆಕ್ಕ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ, ತೋರಿಸಿದರೆ ಆಗುತ್ತದೆ. "ಸ್ಮಾಲ್ ಸರ್ಕಲ್ಸ್. ಡೋಂಟ್ ಸ್ಕ್ರಬ್." ತೋರಿಸುತ್ತಾ ಹೇಳುವಾಗ ನೇರ ಕ್ರಿಯಾಪದ ಒರಟಾಗುವುದಿಲ್ಲ. ಕೈ ಕೆಲಸ ಮಾಡುತ್ತಿರುವಾಗ ಇಂಗ್ಲಿಷ್‌ನವರೂ ಹಾಗೇ ಮಾತಾಡುತ್ತಾರೆ.

ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ನೀರು ಹಾಕಿ ಮುಕ್ಕಳಿಸುವುದು ಬೇಡ ಎನ್ನುವ ಸಲಹೆ ಬ್ರಿಟನ್‌ನಲ್ಲಿ ಬಹಳ ವರ್ಷದಿಂದ ಇದೆ. ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ ಎಂದು. "ಸ್ಪಿಟ್, ಡೋಂಟ್ ರಿನ್ಸ್." ನಮ್ಮವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಬಾಯಿ ತೊಳೆಯದೆ ಇರುವುದು ಹೇಗೆ! ಹಾಗಾಗಿ ಕಾರಣ ಸೇರಿಸಿಯೇ ಹೇಳಬೇಕು: "ಇಫ್ ಯು ರಿನ್ಸ್, ಯು ವಾಶ್ ದ ಫ್ಲೋರೈಡ್ ಅವೇ."

ಹುಳಿ ತಿಂದ ಅಥವಾ ಕೋಲಾ ಕುಡಿದ ತಕ್ಷಣ ಉಜ್ಜಬಾರದು: "ವೇಟ್ ಅಬೌಟ್ ಹಾಫ್ ಆ್ಯನ್ ಅವರ್ ಬಿಫೋರ್ ಯು ಬ್ರಷ್." ಹಲ್ಲು ಜುಂ ಅನ್ನುತ್ತದೆ ಎನ್ನುವವರಿಗೆ "ಯುವರ್ ಟೀತ್ ಆರ್ ಸೆನ್ಸಿಟಿವ್" ಎಂದು ಹೇಳಿ, "ಟ್ರೈ ಎ ಟೂತ್‌ಪೇಸ್ಟ್ ಫಾರ್ ಸೆನ್ಸಿಟಿವ್ ಟೀತ್ ಫಾರ್ ಎ ಫ್ಯೂ ವೀಕ್ಸ್."

ಸ್ಕೇಲಿಂಗ್, ಅಂದರೆ ಗಟ್ಟಿ ಪಾಚಿ ತೆಗೆದು ಹಲ್ಲು ಶುಚಿ ಮಾಡುವುದು, ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂಬ ನಂಬಿಕೆ ಕನ್ನಡದವರಲ್ಲಿ ಮಾತ್ರವಲ್ಲ, ದೇಶದ ತುಂಬ ಇದೆ. "ವಿಲ್ ಮೈ ಟೀತ್ ಬಿಕಮ್ ಲೂಸ್?" ಎಂದು ಕೇಳಿಯೇ ಕೇಳುತ್ತಾರೆ. ನಗಬೇಡಿ. "ಐ ಕ್ಯಾನ್ ಸೀ ವೈ ಯು ಆರ್ ವರೀಡ್" ಎಂದು ಮೊದಲು ಅವರ ಮಾತು ಒಪ್ಪಿಕೊಳ್ಳಿ. ಆಮೇಲೆ "ದ ಟಾರ್ಟರ್ ವಾಸ್ ಫಿಲ್ಲಿಂಗ್ ದ ಗ್ಯಾಪ್ಸ್. ನೌ ಇಟ್ಸ್ ಗಾನ್, ಸೋ ಯು ಕ್ಯಾನ್ ಫೀಲ್ ದ ಗ್ಯಾಪ್ಸ್. ಯುವರ್ ಗಮ್ಸ್ ವಿಲ್ ಗೆಟ್ ಬೆಟರ್." ಇಷ್ಟು ಹೇಳಿದರೆ ಮುಂದಿನ ಸಲವೂ ಬರುತ್ತಾರೆ.

ಹೆಜ್ಜೆ 4: ಹಲ್ಲು ಕಿತ್ತ ಮೇಲೆ

ಇಲ್ಲಿ ನಿಧಾನವಾಗಿ ಹೋಗೋಣ. ಮಾತು ತಪ್ಪಿದರೆ ಅದೇ ರಾತ್ರಿ ಫೋನ್ ಬರುವ ಜಾಗ ಇದು. ಮಾತಾಡುವ ಹೊತ್ತಿಗೆ ರೋಗಿಯ ಅರ್ಧ ಮುಖ ಮರಗಟ್ಟಿರುತ್ತದೆ, ಬಾಯಲ್ಲಿ ಹತ್ತಿ ಇರುತ್ತದೆ, ಮರುಪ್ರಶ್ನೆ ಕೇಳುವ ಸ್ಥಿತಿಯಲ್ಲಿ ಅವರಿಲ್ಲ. ಜೊತೆಗೆ ಯಾರಾದರೂ ಬಂದಿದ್ದರೆ ಒಳಗೆ ಕರೆದು ಇಬ್ಬರಿಗೂ ಹೇಳಿ: "ಕ್ಯಾನ್ ಯು ಕಮ್ ಇನ್ ಟೂ? ಐ ವುಡ್ ಲೈಕ್ ಬೋತ್ ಆಫ್ ಯು ಟು ಹಿಯರ್ ದಿಸ್."

ಒಂದು ಪೂರ್ತಿ ಮಾತುಕತೆ ನೋಡಿ. ಸಂಜೆ ಆರು ಗಂಟೆ, ಕೆಳಗಿನ ದವಡೆ ಹಲ್ಲು ಕಿತ್ತಿದ್ದಾರೆ, ಅಸಿಸ್ಟೆಂಟ್ ಮಾತಾಡುತ್ತಿದ್ದಾಳೆ.

ಅಸಿಸ್ಟೆಂಟ್: ಓಕೆ ಸರ್, ಆಲ್ ಡನ್. ಹೌ ಆರ್ ಯು ಫೀಲಿಂಗ್?

ರೋಗಿ: ಹ್ಞೂಂ. ನಮ್.

ಅಸಿಸ್ಟೆಂಟ್: ಯೆಸ್, ಇಟ್ ವಿಲ್ ಸ್ಟೇ ನಮ್ ಫಾರ್ ಟೂ ಆರ್ ತ್ರೀ ಅವರ್ಸ್. ಬಿ ಕೇರ್‌ಫುಲ್ ನಾಟ್ ಟು ಬೈಟ್ ಯುವರ್ ಲಿಪ್. ನೌ, ಕೀಪ್ ಬೈಟಿಂಗ್ ಆನ್ ದಿಸ್ ಗಾಝ್ ಫಾರ್ ಹಾಫ್ ಆ್ಯನ್ ಅವರ್. ಡೋಂಟ್ ಟೇಕ್ ಇಟ್ ಔಟ್ ಟು ಚೆಕ್.

ರೋಗಿಯ ಹೆಂಡತಿ: ಕ್ಯಾನ್ ಹಿ ರಿನ್ಸ್ ಹಿಸ್ ಮೌತ್?

ಅಸಿಸ್ಟೆಂಟ್: ನಾಟ್ ಅಂಟಿಲ್ ಸಿಕ್ಸ್ ಓ ಕ್ಲಾಕ್ ಟುಮಾರೊ ಈವನಿಂಗ್. ನೋ ರಿನ್ಸಿಂಗ್, ನೋ ಸ್ಪಿಟಿಂಗ್, ನೋ ಸ್ಟ್ರಾ. ದ ಬ್ಲಡ್ ಹ್ಯಾಸ್ ಟು ಫಾರ್ಮ್ ಎ ಕ್ಲಾಟ್ ದೇರ್. ಇಫ್ ದ ಕ್ಲಾಟ್ ಕಮ್ಸ್ ಔಟ್, ಇಟ್ ಕ್ಯಾನ್ ಬಿ ವೆರಿ ಪೇನ್‌ಫುಲ್.

ಹೆಂಡತಿ: ವಾಟ್ ಕ್ಯಾನ್ ಹಿ ಈಟ್?

ಅಸಿಸ್ಟೆಂಟ್: ಸಮ್‌ಥಿಂಗ್ ಸಾಫ್ಟ್ ಆ್ಯಂಡ್ ಕೂಲ್. ಕರ್ಡ್ ರೈಸ್, ಐಸ್ ಕ್ರೀಮ್ ವಿತ್ ಎ ಸ್ಪೂನ್. ನಥಿಂಗ್ ಹಾಟ್ ಟುನೈಟ್.

ಇದರಲ್ಲಿ ಗಮನಿಸಬೇಕಾದ್ದು ಹಲವು ಇವೆ. ಅವಳು "ಟ್ವೆಂಟಿ ಫೋರ್ ಅವರ್ಸ್" ಎನ್ನಲಿಲ್ಲ, ಗಡಿಯಾರದ ಹೊತ್ತು ಹೇಳಿದಳು. ನೋವಲ್ಲಿರುವವರು ಗಂಟೆ ಎಣಿಸುವುದಿಲ್ಲ, ನಾಳೆ ಬೆಳಗ್ಗೆ ಎದ್ದು ಒಂದು ದಿನ ಆಯಿತು ಎಂದುಕೊಳ್ಳುತ್ತಾರೆ. "ಅಂಟಿಲ್" ಎಂದರೆ ಅಲ್ಲಿಯವರೆಗೆ. "ಬೈ" ಎಂದರೆ ಅದರೊಳಗೆ. ಇವೆರಡು ಅದಲುಬದಲಾದರೆ ಸಲಹೆಯೇ ತಲೆಕೆಳಗು. ಉಗುಳಬೇಡಿ ಎಂದ ಮೇಲೆ ಕಾರಣವನ್ನೂ ಸಣ್ಣ ವಾಕ್ಯಗಳಲ್ಲಿ ಹೇಳಿದಳು. ಐಸ್ ಕ್ರೀಮ್ ಎಂದ ಕೂಡಲೇ "ವಿತ್ ಎ ಸ್ಪೂನ್" ಸೇರಿಸಿದ್ದೂ ಚೆನ್ನಾಗಿದೆ, ಇಲ್ಲದಿದ್ದರೆ ಮಿಲ್ಕ್‌ಶೇಕ್‌ಗೆ ಸ್ಟ್ರಾ ಹಾಕಿಕೊಂಡು ಕೂರುವವರಿದ್ದಾರೆ.

ಇನ್ನು ಉಳಿದದ್ದು ಮರುದಿನದ ಮಾತು. "ಫ್ರಮ್ ಟುಮಾರೊ ಈವನಿಂಗ್, ರಿನ್ಸ್ ಜೆಂಟ್ಲಿ ವಿತ್ ವಾರ್ಮ್ ಸಾಲ್ಟ್ ವಾಟರ್. ಹಾಫ್ ಎ ಟೀಸ್ಪೂನ್ ಆಫ್ ಸಾಲ್ಟ್ ಇನ್ ಎ ಗ್ಲಾಸ್ ಆಫ್ ವಾಟರ್. ಡೂ ಇಟ್ ಆಫ್ಟರ್ ಎವರಿ ಮೀಲ್." ಉಗುರುಬೆಚ್ಚಗಿನ ನೀರಿಗೆ "ವಾರ್ಮ್" ಎಂದೇ ಹೇಳಿ. "ಹಾಟ್ ವಾಟರ್" ಎಂದರೆ ಕುದಿಯುವುದನ್ನೇ ತಂದುಕೊಂಡಾರು.

ಏನಾಗುವುದು ಸಹಜ, ಏನಾದರೆ ಫೋನ್ ಮಾಡಬೇಕು ಎನ್ನುವುದನ್ನು ಬೇರೆ ಬೇರೆಯಾಗಿ ಹೇಳಿ. ಸಹಜವಾದದ್ದಕ್ಕೆ "ಇಟ್ಸ್ ನಾರ್ಮಲ್ ಟು": "ಇಟ್ಸ್ ನಾರ್ಮಲ್ ಟು ಹ್ಯಾವ್ ಎ ಲಿಟಲ್ ಸ್ವೆಲ್ಲಿಂಗ್. ಇಟ್ಸ್ ನಾರ್ಮಲ್ ಇಫ್ ಯುವರ್ ಸಲೈವಾ ಈಸ್ ಪಿಂಕ್ ಟುಡೇ." ಅಪಾಯದ್ದಕ್ಕೆ "ಕಾಲ್ ಅಸ್ ಇಫ್": "ಕಾಲ್ ಅಸ್ ಇಫ್ ದ ಬ್ಲೀಡಿಂಗ್ ಡಸಂಟ್ ಸ್ಟಾಪ್. ಕಾಲ್ ಅಸ್ ಇಫ್ ದ ಪೇನ್ ಗೆಟ್ಸ್ ವರ್ಸ್ ಆಫ್ಟರ್ ಟೂ ಆರ್ ತ್ರೀ ಡೇಸ್." ಕಿತ್ತ ಜಾಗದ ನೋವು ದಿನ ಕಳೆದಂತೆ ಕಡಿಮೆಯಾಗಬೇಕು. ಎರಡು ಮೂರು ದಿನದ ಮೇಲೆ ಜಾಸ್ತಿಯಾದರೆ ಡ್ರೈ ಸಾಕೆಟ್ (ಗಾಯದ ಮೇಲಿನ ರಕ್ತದ ಹೆಪ್ಪು ಕಳಚಿಹೋಗಿರುವುದು) ಇರಬಹುದು, ಆ ಪದ ಹೇಳಿ ಹೆದರಿಸಬೇಕಿಲ್ಲ. ಬಾವು ಕುತ್ತಿಗೆಗೆ ಇಳಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕ್ಲಿನಿಕ್‌ಗೆ ಕಾಯುವಂತಿಲ್ಲ. "ಇಫ್ ಯು ಹ್ಯಾವ್ ಟ್ರಬಲ್ ಸ್ವಾಲೋಯಿಂಗ್ ಆರ್ ಬ್ರೀದಿಂಗ್, ಗೋ ಟು ದ ಹಾಸ್ಪಿಟಲ್ ಅಟ್ ಒನ್ಸ್."

ಕಳಿಸುವಾಗ "ಕಮ್ ಆಫ್ಟರ್ ಒನ್ ವೀಕ್" ಬದಲು "ಪ್ಲೀಸ್ ಕಮ್ ಬ್ಯಾಕ್ ಇನ್ ಎ ವೀಕ್, ಆ್ಯಂಡ್ ವಿ ವಿಲ್ ಟೇಕ್ ದ ಸ್ಟಿಚಸ್ ಔಟ್."

ರೂಟ್ ಕೆನಾಲ್ ಆದವರಿಗೆ ಹೇಳಬೇಕಾದದ್ದು ಮುಖ್ಯವಾಗಿ ಒಂದೇ: "ಡೋಂಟ್ ಚೂ ಎನಿಥಿಂಗ್ ಹಾರ್ಡ್ ಆನ್ ದಿಸ್ ಸೈಡ್ ಅಂಟಿಲ್ ದ ಕ್ಯಾಪ್ ಈಸ್ ಆನ್." ನೋವು ಹೋಯಿತೆಂದು ಕ್ಯಾಪ್ ಹಾಕಿಸದೆ ತಿಂಗಳುಗಟ್ಟಲೆ ಓಡಾಡುವವರೇ ಜಾಸ್ತಿ, ಆಮೇಲೆ ಒಂದು ದಿನ ಚಕ್ಕುಲಿ ಕಡಿದಾಗ ಹಲ್ಲು ಸೀಳುತ್ತದೆ. "ದ ಟೂತ್ ಈಸ್ ವೀಕರ್ ನೌ. ಇಟ್ ಕ್ಯಾನ್ ಬ್ರೇಕ್ ವಿತೌಟ್ ಎ ಕ್ಯಾಪ್."

ಹೆಜ್ಜೆ 5: ಅಪ್ಪ ಅಮ್ಮಂದಿರ ಜೊತೆ

ಮಗುವಿನ ಹಲ್ಲು ಹುಳುಕಾಗಿದೆ ಎಂದು ಹೇಳುವಾಗ "ಯು" ಪದ ಆದಷ್ಟು ಕಡಿಮೆ ಮಾಡಿ. "ಯು ಗೇವ್ ಟೂ ಮಚ್ ಚಾಕೊಲೇಟ್" ಎಂದರೆ ತಾಯಿ ಮುದುಡಿಕೊಳ್ಳುತ್ತಾರೆ. "ಮೆನಿ ಚಿಲ್ಡ್ರನ್ ಹ್ಯಾವ್ ದಿಸ್ ಪ್ರಾಬ್ಲಮ್. ಲೆಟ್ಸ್ ಸೀ ವಾಟ್ ವಿ ಕ್ಯಾನ್ ಡೂ" ಎಂದರೆ ಮಾತು ಮುಂದುವರಿಯುತ್ತದೆ. "ಲೆಟ್ಸ್" ಮತ್ತು "ವಿ" ಇಲ್ಲಿ ಬಹಳ ಕೆಲಸ ಮಾಡುತ್ತವೆ.

ಪೇಸ್ಟಿನ ಅಳತೆಗೆ ಇಂಗ್ಲಿಷ್‌ನಲ್ಲಿ ರೂಢಿಯ ಮಾತಿದೆ. ಮೂರು ವರ್ಷದೊಳಗಿನ ಮಗುವಿಗೆ "ಜಸ್ಟ್ ಎ ಸ್ಮಿಯರ್, ಲೈಕ್ ಎ ಗ್ರೇನ್ ಆಫ್ ರೈಸ್." ಮೂರರಿಂದ ಆರರವರೆಗೆ "ದ ಸೈಜ್ ಆಫ್ ಎ ಪೀ", ಅಂದರೆ ಬಟಾಣಿ ಕಾಳಿನಷ್ಟು. ಏಳೆಂಟು ವರ್ಷ ಆಗುವವರೆಗೂ ದೊಡ್ಡವರು ನಿಂತು ಉಜ್ಜಿಸಬೇಕು: "ಚಿಲ್ಡ್ರನ್ ನೀಡ್ ಹೆಲ್ಪ್ ವಿತ್ ಬ್ರಷಿಂಗ್ ಅಂಟಿಲ್ ದೇ ಆರ್ ಅಬೌಟ್ ಸೆವೆನ್ ಆರ್ ಏಟ್." ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವ ವಿಷಯಕ್ಕೆ "ಟ್ರೈ ನಾಟ್ ಟು ಪುಟ್ ಹಿಮ್ ಟು ಬೆಡ್ ವಿತ್ ಎ ಬಾಟಲ್ ಆಫ್ ಮಿಲ್ಕ್." ಇಂಜೆಕ್ಷನ್ ಕೊಟ್ಟ ಮಗುವಾದರೆ "ಪ್ಲೀಸ್ ವಾಚ್ ಹರ್ ಫಾರ್ ಎ ಫ್ಯೂ ಅವರ್ಸ್. ಚಿಲ್ಡ್ರನ್ ಬೈಟ್ ದೇರ್ ಲಿಪ್ಸ್ ವೆನ್ ದೇ ಆರ್ ನಮ್." ಹುಡುಗನಾದರೆ "ಹಿಮ್", ಹುಡುಗಿಯಾದರೆ "ಹರ್". ಅವಸರದಲ್ಲಿ ಇದು ತಪ್ಪುವುದುಂಟು.

"ಬೇಬಿ ಟೀತ್ ಫಾಲ್ ಔಟ್ ಎನಿವೇ" ಎಂದು ವಾದಿಸುವವರಿಗೆ ಉತ್ತರ ಸಿದ್ಧವಿರಲಿ: "ಯೆಸ್, ಬಟ್ ಸಮ್ ಆಫ್ ದೆಮ್ ಹ್ಯಾವ್ ಟು ಲಾಸ್ಟ್ ಅಂಟಿಲ್ ಶಿ ಈಸ್ ಟೆನ್ ಆರ್ ಟ್ವೆಲ್ವ್. ದೇ ಹೋಲ್ಡ್ ದ ಸ್ಪೇಸ್ ಫಾರ್ ದ ನ್ಯೂ ಟೀತ್."

ಆಟವಾಡುವಾಗ ಬಿದ್ದು ಹಲ್ಲೇ ಕಳಚಿ ಬಂದಿದೆ ಎಂದು ಫೋನ್ ಬಂದರೆ ಮೆದು ಮಾತಿಗೆ ಹೊತ್ತಿಲ್ಲ. ಇಲ್ಲಿ ನೇರ ಆಜ್ಞೆಯೇ ಸರಿ. ಮೊದಲ ಪ್ರಶ್ನೆ "ಹೌ ಓಲ್ಡ್ ಈಸ್ ದ ಚೈಲ್ಡ್?" ಹಾಲುಹಲ್ಲಾದರೆ ವಾಪಸ್ ಕೂರಿಸುವುದಿಲ್ಲ: "ಡೋಂಟ್ ಪುಟ್ ಇಟ್ ಬ್ಯಾಕ್. ಜಸ್ಟ್ ಬ್ರಿಂಗ್ ಹಿಮ್ ಇನ್." ಶಾಶ್ವತ ಹಲ್ಲಾದರೆ: "ಹೋಲ್ಡ್ ದ ಟೂತ್ ಬೈ ದ ವೈಟ್ ಪಾರ್ಟ್. ಡೋಂಟ್ ಟಚ್ ದ ರೂಟ್. ಡೋಂಟ್ ಸ್ಕ್ರಬ್ ಇಟ್. ಪುಟ್ ಇಟ್ ಇನ್ ಎ ಕಪ್ ಆಫ್ ಮಿಲ್ಕ್ ಆ್ಯಂಡ್ ಕಮ್ ರೈಟ್ ಅವೇ." ಅರ್ಧ ಗಂಟೆ, ಒಂದು ಗಂಟೆಯೊಳಗೆ ಬಂದರೆ ಉಳಿಸುವ ಅವಕಾಶ ಹೆಚ್ಚು. ಈ ವಾಕ್ಯಗಳನ್ನು ರಿಸೆಪ್ಷನ್ ಫೋನಿನ ಪಕ್ಕ ಅಂಟಿಸಿಡಿ.

ಹೆಜ್ಜೆ 6: ಗುಟ್ಕಾ, ಪಾನ್ ಮಸಾಲಾ, ಸಿಗರೇಟ್

ಇದು ಭಾಷೆಗಿಂತ ಮನಸ್ಸಿನ ವಿಷಯ. ಹಲ್ಲಿನ ಕಲೆ ನೋಡಿದರೆ ಗೊತ್ತಾಗುತ್ತದೆ, ಆದರೂ ಕೇಳಬೇಕು. "ಡೂ ಯು ಚೂ ಗುಟ್ಕಾ?" ಎಂದರೆ ತೊಂಬತ್ತು ಪಾಲು "ನೋ" ಎಂದೇ ಉತ್ತರ. "ಡೂ ಯು ಯೂಸ್ ಎನಿ ಟಬ್ಯಾಕೊ, ಆರ್ ಪಾನ್ ಮಸಾಲಾ? ವಿ ಆಸ್ಕ್ ಎವರಿಒನ್" ಎಂದು ಕೇಳಿ. ಆ ಕೊನೆಯ ಮೂರು ಪದಗಳಿಂದ ಮುಖದ ಬಿಗಿ ಸಡಿಲವಾಗುತ್ತದೆ.

ಸಾದಾ ಅಡಿಕೆ ತಾನೇ, ಹೊಗೆಸೊಪ್ಪು ಇಲ್ಲವಲ್ಲ ಎನ್ನುವವರಿದ್ದಾರೆ. ಮಲೆನಾಡಿನ ನಮ್ಮವರಿಗೆ ಈ ಮಾತು ಹೇಳುವುದು ಕಷ್ಟ, ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. "ಈವನ್ ವಿತೌಟ್ ಟಬ್ಯಾಕೊ, ಅರೆಕಾ ನಟ್ ಕ್ಯಾನ್ ಹಾರ್ಮ್ ಯುವರ್ ಮೌತ್." ಬಾಯಿ ಪೂರ್ತಿ ತೆರೆಯಲಾಗದಿದ್ದರೆ "ಹ್ಯಾವ್ ಯು ನೋಟಿಸ್ಡ್ ದ್ಯಾಟ್ ಯುವರ್ ಮೌತ್ ಡಸಂಟ್ ಓಪನ್ ಆ್ಯಸ್ ವೈಡ್ ಆ್ಯಸ್ ಬಿಫೋರ್?"

ಬಿಡಿ ಎಂದು ಹೇಳುವುದಕ್ಕಿಂತ ಬಿಡುವ ಯೋಚನೆ ಇದೆಯೇ ಎಂದು ಕೇಳುವುದು ಒಳ್ಳೆಯದು. "ಹ್ಯಾವ್ ಯು ಎವರ್ ಥಾಟ್ ಅಬೌಟ್ ಸ್ಟಾಪಿಂಗ್?" ಹೌದು ಎಂದರೆ "ದೇರ್ ಈಸ್ ಎ ಫ್ರೀ ಹೆಲ್ಪ್‌ಲೈನ್. ಶಲ್ ಐ ರೈಟ್ ಡೌನ್ ದ ನಂಬರ್?" ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಸಂಖ್ಯೆ 1800 11 2356. ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಮಾತ್ರ ಗಟ್ಟಿ ಮಾತಿಗೆ ಬನ್ನಿ: "ದಿಸ್ ಮಸ್ಟ್ ಬಿ ಚೆಕ್ಡ್. ಪ್ಲೀಸ್ ಡೋಂಟ್ ಪುಟ್ ಇಟ್ ಆಫ್."

ಹೆಜ್ಜೆ 7: ಅರ್ಥವಾಯಿತೇ ಎಂದು ತಿಳಿಯುವುದು

"ಅಂಡರ್‌ಸ್ಟುಡ್?" ಎಂದು ಕೇಳಬೇಡಿ. ಮೇಷ್ಟರು ಗದರಿಸಿದ ಹಾಗಿರುತ್ತದೆ, ಉತ್ತರವೂ ಸುಮ್ಮನೆ "ಯೆಸ್". ಹೊಣೆಯನ್ನು ನಿಮ್ಮ ಮೇಲೆ ಹಾಕಿಕೊಂಡು ಕೇಳಿ: "ಐ ಹ್ಯಾವ್ ಟೋಲ್ಡ್ ಯು ಎ ಲಾಟ್ ಆಫ್ ಥಿಂಗ್ಸ್. ಜಸ್ಟ್ ಟು ಚೆಕ್ ಐ ವಾಸ್ ಕ್ಲಿಯರ್, ವಾಟ್ ವಿಲ್ ಯು ಡೂ ಟುನೈಟ್?" ಅವರು ತಮ್ಮ ಮಾತಲ್ಲಿ ವಾಪಸ್ ಹೇಳಲಿ. ಎಲ್ಲಿ ತಪ್ಪಿದೆಯೋ ಅದನ್ನಷ್ಟೇ ತಿದ್ದಿ: "ಆಲ್ಮೋಸ್ಟ್. ಜಸ್ಟ್ ಒನ್ ಥಿಂಗ್."

ಅವರ ಮಾತು ನಿಮಗೆ ಅರ್ಥವಾಗದಿದ್ದರೆ "ವಾಟ್?" ಬೇಡ. "ಸಾರಿ, ಕುಡ್ ಯು ಸೇ ದ್ಯಾಟ್ ಅಗೇನ್?" ಉತ್ತರ ಗೊತ್ತಿಲ್ಲದಿದ್ದರೆ "ಲೆಟ್ ಮಿ ಆಸ್ಕ್ ದ ಡಾಕ್ಟರ್." ಈ ಎರಡು ವಾಕ್ಯಗಳ ಭರವಸೆಯ ಮೇಲೆ ಎಷ್ಟೋ ಅಸಿಸ್ಟೆಂಟ್‌ಗಳು ಧೈರ್ಯವಾಗಿ ಕೆಲಸ ಮಾಡುತ್ತಾರೆ.

ಹೆಜ್ಜೆ 8: ಅಭ್ಯಾಸ

ಎಲ್ಲವನ್ನೂ ಒಟ್ಟಿಗೆ ಉರು ಹೊಡೆಯಬೇಡಿ. ನಿಮ್ಮ ಕ್ಲಿನಿಕ್‌ನಲ್ಲಿ ಹೆಚ್ಚು ನಡೆಯುವ ಚಿಕಿತ್ಸೆ ಒಂದನ್ನು ಆರಿಸಿ. ಅದರ ಸಲಹೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಕೇಳುವಾಗ ವ್ಯಾಕರಣ ಹುಡುಕುವುದು ಆಮೇಲೆ. ಗಟ್ಟಿ ಮಾತು ಎಲ್ಲಿ ಬಂತು, ಕಾರಣ ಹೇಳಿದೆನೇ, ಯಾವಾಗ ಫೋನ್ ಮಾಡಬೇಕು ಎಂದು ಹೇಳಿದೆನೇ ಎಂದು ನೋಡಿ. ಸಹೋದ್ಯೋಗಿ ಒಬ್ಬರನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿ, ಅಡ್ಡ ಪ್ರಶ್ನೆ ಕೇಳಲು ಹೇಳಿ. ಬಾಯಲ್ಲಿ ಹತ್ತಿ ಇಟ್ಟುಕೊಂಡು ಕೇಳಿದರೆ ಇನ್ನೂ ಒಳ್ಳೆಯದು!

ಹೊರದೇಶಕ್ಕೆ ಹೊರಟ ದಂತವೈದ್ಯರಿಗೆ ಇದೇ ಅಭ್ಯಾಸ ಓಇಟಿ ಪರೀಕ್ಷೆಗೂ ಬರುತ್ತದೆ. ಆರೋಗ್ಯ ಕ್ಷೇತ್ರದವರಿಗಾಗಿಯೇ ಇರುವ ಆ ಇಂಗ್ಲಿಷ್ ಪರೀಕ್ಷೆಯಲ್ಲಿ ದಂತವೈದ್ಯಕೀಯ ಒಂದು ವಿಭಾಗ. ಮಾತಿನ ಭಾಗದಲ್ಲಿ ಎರಡು ಪಾತ್ರಾಭಿನಯ, ಒಂದೊಂದೂ ಸುಮಾರು ಐದು ನಿಮಿಷ. ಎದುರಿಗೆ ಕೂತವರು ರೋಗಿ, ನೀವು ವೈದ್ಯರು. ಕೈಗೆ ಕೊಡುವ ಕಾರ್ಡಿನಲ್ಲಿ ಪರಿಸ್ಥಿತಿ ಮತ್ತು ನೀವು ಮಾಡಬೇಕಾದ ಕೆಲಸಗಳು ಇರುತ್ತವೆ. ಉಚ್ಚಾರಣೆ, ವ್ಯಾಕರಣದ ಜೊತೆಗೆ ರೋಗಿಯ ಜೊತೆ ಸಂಬಂಧ ಬೆಳೆಸಿದಿರಾ, ಅವರ ಆತಂಕ ಕೇಳಿಸಿಕೊಂಡಿರಾ ಎನ್ನುವುದಕ್ಕೂ ಅಂಕ ಇದೆ. ನಮ್ಮವರು ಕಾರ್ಡ್ ನೋಡಿದ ತಕ್ಷಣ ಸಲಹೆಗಳ ಮಳೆ ಸುರಿಸಿ ಎರಡೇ ನಿಮಿಷದಲ್ಲಿ ಮುಗಿಸಿ ಕೂರುತ್ತಾರೆ. ಹಾಗೆ ಮಾಡಬೇಡಿ. ಮೊದಲು "ವಾಟ್ ವರೀಸ್ ಯು ಮೋಸ್ಟ್ ಅಬೌಟ್ ದಿಸ್?" ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ. ಒಂದು ಸಲಹೆ ಹೇಳಿ ನಿಲ್ಲಿಸಿ, "ಹೌ ಡಸ್ ದ್ಯಾಟ್ ಸೌಂಡ್?" ಎಂದು ಕೇಳಿ, ಆಮೇಲೆ ಎರಡನೆಯದಕ್ಕೆ ಹೋಗಿ.